ಜಿಲೇಬಿ ಮೀನಿಗಾಗಿ ಒಂದು ರಜೆ

ಪುಣೆ ಕ್ಯಾಂಪಿನಲ್ಲಿ ಗಾಳದ ಕೋಲು ಇಟ್ಟುಕೊಂಡವರಿಗೆ ನೀರಿಗೇನೂ ಬರವಿಲ್ಲ. ಖಡಕವಾಸಲಾ, ಪಾನಶೇತ್, ಪವನಾ, ಮುಳಶಿ ಎಲ್ಲ ಒಂದೆರಡು ಗಂಟೆಯ ದಾರಿ. ಸೊಲ್ಲಾಪುರ ರಸ್ತೆ ಹಿಡಿದು ನೂರು ಕಿಲೋಮೀಟರ್ ಹೋದರೆ ಭಿಗವಣದಲ್ಲಿ ಉಜನಿಯ ಹಿನ್ನೀರು ಸಿಗುತ್ತದೆ. ಆದರೂ ನಾಲ್ಕು ಜನ ಹವ್ಯಾಸಿಗಳು ರಜೆಯ ಲೆಕ್ಕ ಹಾಕಲು ಕೂತರೆ ಮಾತು ಕಾವೇರಿಯತ್ತ, ಅಲ್ಲಿನ ದೈತ್ಯ ಮೀನು ಮಹಶೀರಿನತ್ತ ಹೊರಳದೆ ಇರುವುದಿಲ್ಲ. ಊರು ಮೊದಲು, ಹೋಟೆಲು ಆಮೇಲೆ, ಮೀನು ಯಾವುದಾದರೂ ಸರಿ, ದೊಡ್ಡದಾಗಿದ್ದರೆ ಸಾಕು ಎಂಬುದು ರೂಢಿಯ ಕ್ರಮ. ಈ ಕ್ರಮವನ್ನು ತಿರುವಿಹಾಕಬೇಕು ಎನ್ನುವುದು ನನ್ನ ವಾದ. ಯಾವ ಮೀನು ಎಂಬುದನ್ನು ಮೊದಲು ತೀರ್ಮಾನಿಸಿ, ಆ ಮೀನು ಪೇಟೆಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಸಾಮಾನ್ಯ ಮೀನಾಗಿರಲಿ. ಊರು ತಾನಾಗಿಯೇ ಗೊತ್ತಾಗುತ್ತದೆ.

ಮಹಶೀರನ್ನು ಯಾಕೆ ಬಿಡಬೇಕು ಎಂಬುದಕ್ಕೆ ಪುಣೆಯಿಂದಲೇ ಶುರುವಾಗುವ ಒಂದು ಕಥೆಯಿದೆ. ಮುಂಬಯಿ ಸರ್ಕಾರಕ್ಕಾಗಿ ದಖ್ಖನ್ನಿನ ಅಂಕಿಅಂಶ ಸಂಗ್ರಹಿಸುತ್ತಿದ್ದ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್, ಪುಣೆಯ ಪೂರ್ವಕ್ಕೆ ಮುಳಾ-ಮುಠಾ ನದಿಯಲ್ಲಿ ಸಿಕ್ಕ ಒಂದು ಮೀನನ್ನು 1839ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ. ಇಂದು ಅದರ ಹೆಸರು ಟಾರ್ ಖುಡ್ರಿ, ಅಂದರೆ ನೀಲಿ ರೆಕ್ಕೆಯ ಮಹಶೀರ್. 1970ರ ದಶಕದಿಂದ ಲೋಣಾವಳೆಯಲ್ಲಿ ಟಾಟಾ ಪವರ್ ಕಂಪನಿಯ ಮರಿ ಕೇಂದ್ರ ಇದರ ಸಂತಾನವನ್ನು ಲಕ್ಷಗಟ್ಟಲೆ ಬೆಳೆಸಿ ದೇಶದ ನಾನಾ ನದಿಗಳಿಗೆ ಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಕೃಷ್ಣಾ ಕಣಿವೆಯ ಈ ಮೀನು ಕಾವೇರಿಗೂ ಹೋಯಿತು. ಕಾವೇರಿಯಲ್ಲಿ ಆಗಲೇ ತನ್ನದೇ ಒಂದು ಮಹಶೀರ್ ಇತ್ತು: ಬೆನ್ನಮೇಲೆ ಗೂನು ಇರುವ, ಕಿತ್ತಳೆ ಬಣ್ಣದ ರೆಕ್ಕೆಯ, ಆ ಕಣಿವೆ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲದ ದೈತ್ಯ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರ್, ಅಂದರೆ ಸುಮಾರು 54 ಕಿಲೋ, ಇಂದಿಗೂ ಗಾಳದವರ ದಂತಕಥೆ. ಅಷ್ಟು ಹೆಸರುವಾಸಿಯಾದ ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು, ಟಾರ್ ರೆಮಾದೇವಿ, ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಕಟ್ಟಕಡೆಯ ಪಟ್ಟಿಯನ್ನೂ ಸೇರಿತು.

‘ಹಿಡಿದು ಬಿಟ್ಟರೆ ಮೀನಿಗೇನು ನಷ್ಟ? ನದಿಯನ್ನು ಕಾದದ್ದೇ ಗಾಳದವರು’ ಎಂಬ ಮಾತು ಇಲ್ಲಿ ಏಳುತ್ತದೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಾವೇರಿ ದಂಡೆಯ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಗಾಳದ ಶಿಬಿರಗಳಲ್ಲಿ ಮೀನು ಕೊಲ್ಲದೆ ಬಿಡುವ ಕಟ್ಟಳೆಯಿತ್ತು. ಡೈನಮೈಟ್ ಹಾಕುವವರನ್ನು ಓಡಿಸಲು ಜನರಿದ್ದರು, ಸುತ್ತಲಿನ ಹಳ್ಳಿಯವರಿಗೆ ಕೂಲಿಯಿತ್ತು. ಹರಿಗೋಲು ನಡೆಸುವ ಆಳುಗಳೇ ರಾಗಿಹಿಟ್ಟು ಕಲಸಿ, ಉಂಡೆ ಕಟ್ಟಿ, ಕುದಿಯುವ ನೀರಲ್ಲಿ ಬೇಯಿಸುತ್ತಿದ್ದರು. ಬೆಂದ ಉಂಡೆ ರಬ್ಬರಿನಂತೆ ಬಿಗಿಯಾಗಿ, ಬಂಡೆಗಳ ನಡುವಿನ ಸೆಳವಿಗೂ ಗಾಳದಿಂದ ಕಳಚಿ ಹೋಗುತ್ತಿರಲಿಲ್ಲ. ವಿದೇಶದಿಂದ ಸಾವಿರಾರು ರೂಪಾಯಿಯ ರೀಲು ಹೊತ್ತು ಬಂದವರ ಮೀನು ಕೊನೆಗೆ ಕಚ್ಚುತ್ತಿದ್ದುದು ಮುದ್ದೆಯನ್ನು! 2010ರ ದಶಕದ ಆರಂಭದಲ್ಲಿ ಅಭಯಾರಣ್ಯದೊಳಗೆ ಗಾಳ ನಿಂತುಹೋಯಿತು. ಕಾವಲು ತಪ್ಪಿದ್ದರಿಂದ ಕಳ್ಳಬೇಟೆಗೆ ಎಡೆಯಾಯಿತು ಎಂಬ ದೂರಿನಲ್ಲೂ ಹುರುಳಿರಬಹುದು.

ಆದರೆ ಅದೇ ಶಿಬಿರಗಳಲ್ಲೊಂದರ ದಾಖಲೆ ಪುಸ್ತಕ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳನ್ನು ಸಂಶೋಧಕರು ಲೆಕ್ಕಹಾಕಿದರು. 23,620 ಗಂಟೆಗಳ ಗಾಳ, 6,161 ಮಹಶೀರ್. ಗಂಟೆಗೆ ಸಿಗುವ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಏರಿದ್ದು ಲೋಣಾವಳೆಯಿಂದ ಬಂದ ನೀಲಿ ರೆಕ್ಕೆಯ ಸಂತತಿ. ಗೂನುಬೆನ್ನಿನದು ಕಾಣೆಯಾಗುತ್ತ ಬಂತು. ಬುಟ್ಟಿ ತುಂಬುತ್ತಿದೆ, ನದಿ ಚೆನ್ನಾಗಿದೆ ಎಂದು ಎಲ್ಲರೂ ನಂಬಿದ್ದ ಕಾಲದಲ್ಲೇ ನದಿಯ ಸ್ವಂತ ಮೀನು ಕೈತಪ್ಪುತ್ತಿತ್ತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು ಇವುಗಳ ಪಾಲೂ ಇದರಲ್ಲಿದೆ, ನಿಜ. ಆದರೂ ಒಳ್ಳೆಯ ಮನಸ್ಸಿನ ಹವ್ಯಾಸಕ್ಕೇ, ಹೆಚ್ಚು ಮೀನು ಸಿಗಲಿ ಎಂಬ ಆಸೆಗೇ ಇಲ್ಲೊಂದು ದೊಡ್ಡ ಪಾಲಿದೆ. ಆ ದಾಖಲೆ ಬರೆದಿಟ್ಟ ಗಾಳದವರಿಗೆ ಋಣ ಸಲ್ಲಬೇಕು. ಹಾಗೆಂದು ಉಳಿದ ನಾಲ್ಕು ಗೂನುಬೆನ್ನುಗಳ ಮೇಲೆ ನಮ್ಮ ರಜೆಯನ್ನು ಹೊರಿಸಬೇಕಿಲ್ಲ.

ಹಾಗಾದರೆ ಏನು ಹಿಡಿಯೋಣ? ಉಜನಿಯ ಬೆಸ್ತರು ಚಿಲಾಪಿ ಎನ್ನುವ, ನಮ್ಮ ಕಡೆ ಜಿಲೇಬಿ ಎಂದು ಮಾರುವ ತಿಲಾಪಿಯಾ ಈ ಪ್ರಶ್ನೆಗೆ ನೇರ ಉತ್ತರ. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾದ ಕುಲ ಇದು. ಹೆಣ್ಣು ಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ. ಬಲೆಗೆ ಬಿದ್ದಾಗ ಬಾಯಿಂದ ಮರಿಗಳ ಹಿಂಡೇ ಹೊರಬೀಳುವುದುಂಟು. ಇಂಥ ಕಾವಲಿರುವ ಮೀನಿನ ಮುಂದೆ, ಮೊಟ್ಟೆಯನ್ನು ನೀರಿಗೆ ಚೆಲ್ಲಿ ಹೋಗುವ ನಾಡಮೀನುಗಳು ಎಷ್ಟೆಂದು ಏಗಿಯಾವು? ಹಾಗಾಗಿ ಇದನ್ನು ಹಿಡಿದರೆ ತಿಂದೇಬಿಡಬಹುದು. ಬಿಟ್ಟು ಪುಣ್ಯ ಕಟ್ಟಿಕೊಳ್ಳುವ ಪ್ರಮೇಯವಿಲ್ಲ. ಕಾಟ್ಲಾ, ರೋಹು ಕೂಡ ಜಲಾಶಯಗಳಲ್ಲಿ ಮರಿ ಬಿಟ್ಟು ಬೆಳೆಸಿದವೇ. ರೋಚಕತೆ ಕಡಿಮೆ ಎನ್ನುವವರು ಸಣ್ಣ ಗಾಳ, ತೆಳು ದಾರ, ಎರೆಹುಳು ಇಟ್ಟು ಬೆಂಡಿನ ಮೇಲೆ ಕಣ್ಣು ನೆಟ್ಟು ನೋಡಲಿ. ತೆಳುವಾದ ಕೋಲಿನಲ್ಲಿ ಎರಡು ಕಿಲೋ ರೋಹು ಕೊಡುವ ಕೆಲಸವೇನು ಸಣ್ಣದಲ್ಲ.

ಮೀನು ಗೊತ್ತಾದ ಮೇಲೆ ನೀರು ಯಾರದು ಎಂಬ ಪ್ರಶ್ನೆ. ಮುಳಶಿಯ ಅಣೆಕಟ್ಟು ಟಾಟಾ ಕಂಪನಿಯದು, 1921ರಲ್ಲಿ ಸೇನಾಪತಿ ಬಾಪಟರ ನೇತೃತ್ವದಲ್ಲಿ ರೈತರು ಸತ್ಯಾಗ್ರಹ ಹೂಡಿದ ಜಾಗ. ಖಡಕವಾಸಲಾ ಪುಣೆಯ ಕುಡಿಯುವ ನೀರು, ದಂಡೆಯಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಎರಡೂ ಕಡೆ ಕೇಳದೆ ಕೋಲು ಬಿಚ್ಚುವಂತಿಲ್ಲ. ದೊಡ್ಡ ಜಲಾಶಯಗಳಲ್ಲಿ ಮೀನಿನ ಹಕ್ಕು ಸಾಮಾನ್ಯವಾಗಿ ಬೆಸ್ತರ ಸಹಕಾರ ಸಂಘಕ್ಕೆ ಗುತ್ತಿಗೆಯಾಗಿರುತ್ತದೆ, ಮರಿ ಬಿಟ್ಟವರೂ ಅವರೇ. ಸಂಘದ ಒಪ್ಪಿಗೆ ಪಡೆಯಬೇಕು, ದೋಣಿ ಬಾಡಿಗೆ ಅವರಿಗೇ ಕೊಡಬೇಕು. ಪಟ್ಟಣದವರ ಮೋಜು ಬಡವರ ಅನ್ನಕ್ಕೆ ಕೈಹಾಕುತ್ತದೆ ಎಂಬ ಆಕ್ಷೇಪಕ್ಕೆ ಇದಕ್ಕಿಂತ ಬೇರೆ ಸಮಾಧಾನ ನನಗೆ ತೋರದು.

ಕಾಲದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಮಳೆಗಾಲ ಮೀನುಗಳ ಬೆದೆಗಾಲ, ಆಗ ಮನೆಯಲ್ಲಿರುವುದು ಲೇಸು. ಇಂಗ್ಲೆಂಡಿನ ನದಿಗಳಲ್ಲೂ ಸಾಮಾನ್ಯ ಮೀನುಗಳಿಗೆ ಮಾರ್ಚ್ 15ರಿಂದ ಜೂನ್ 15ರವರೆಗೆ ರಜೆ ಕೊಟ್ಟಿದ್ದಾರೆ. ನಮ್ಮಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಅನುಕೂಲ. ಚಳಿಯ ತಿಂಗಳಲ್ಲಿ ಬಿಸಿಲೇರಿದ ಮೇಲೆ ಕೂತರೆ ಸಾಕು. ಉಜನಿಯ 117 ಟಿಎಂಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ಡೆಡ್ ಸ್ಟೋರೇಜ್, ಅಂದರೆ ಬಳಕೆಯ ಲೆಕ್ಕಕ್ಕೆ ಸೇರದ ತಳದ ನೀರು. ಬೇಸಿಗೆಯಲ್ಲಿ ಮಟ್ಟ ಮೈನಸ್ಸಿಗೆ ಇಳಿದು ದಂಡೆಯುದ್ದ ಕೆಸರು ಚಾಚುತ್ತದೆ, ಕಾಲಿಡುವುದೇ ಕಷ್ಟ. ಚಳಿಗಾಲದಲ್ಲಿ ಅದೇ ಹಿನ್ನೀರಿಗೆ ರಾಜಹಂಸಗಳೂ ಬರುತ್ತವೆ. ತುಂಡಾದ ನೈಲಾನ್ ದಾರ ಅವುಗಳ ಕಾಲಿಗೆ ಉರುಳು, ಅದನ್ನು ಸುತ್ತಿ ಜೇಬಿಗೆ ಹಾಕಿಕೊಂಡೇ ಏಳಬೇಕು.

ಮೀನಿಗೆ ನೋವಾಗದೆ ಎಂದು ಕೇಳುವವರಿಗೆ, ಆಗುತ್ತದೆ ಎಂದುಕೊಂಡೇ ನಡೆಯುವುದು ಸರಿ ಎನ್ನುತ್ತೇನೆ. ತಿನ್ನುವುದಾದರೆ ಹಿಡಿದ ಕೂಡಲೇ ಕೊಂದುಬಿಡಿ, ಬುಟ್ಟಿಯಲ್ಲಿ ಒದ್ದಾಡಲು ಬಿಡಬೇಡಿ. ಗಾಳಕ್ಕೆ ಅಪ್ಪಿತಪ್ಪಿ ನಾಡಮೀನು ಬಿದ್ದರೆ ಒದ್ದೆ ಕೈಯಲ್ಲಿ ಹಿಡಿದು ನೀರಿನಲ್ಲೇ ಗಾಳ ಬಿಡಿಸಿ. ಇನ್ನು ಉಜನಿಗೆ ಪುಣೆಯ ಕೊಳಚೆಯೇ ಹರಿಯುವಾಗ ಅಲ್ಲಿನ ಮೀನು ತಿನ್ನಬಹುದೇ ಎಂಬ ಅನುಮಾನ ನ್ಯಾಯವಾದದ್ದು. ಅದಕ್ಕೆ ಮದ್ದು ಮೀನು ಬಿಡುವುದರಲ್ಲಿಲ್ಲ, ಮುಳಾ-ಮುಠಾದ ಚರಂಡಿಗಳಲ್ಲಿದೆ. ಇದೇ ನೀರು ಭೀಮೆಯಾಗಿ ವಿಜಯಪುರ, ಕಲಬುರಗಿ, ಯಾದಗಿರಿಯ ಊರುಗಳಿಗೆ ಇಳಿಯುತ್ತದೆ. ಹೊರಡುವ ಮುನ್ನ ಸಂಘದವರನ್ನು ನೀರು ಹೇಗಿದೆ ಎಂದೂ ಕೇಳಿ, ಪಾಚಿ ಕಟ್ಟಿ ನಾರುವ ದಿನಗಳಲ್ಲಿ ಭಿಗವಣದ ಟಿಕೆಟ್ಟನ್ನು ಮುಂದೂಡಿ.