ವಿಳಾಸವಿಲ್ಲದವರ ಚೀಲ

ಚಿತ್ರಕಲೆಯ ಮೇಷ್ಟರಾಗಿ ಮೂವತ್ತು ವರ್ಷ ಸೀಮೆಸುಣ್ಣ ತೇದವನು ನಾನು. ನಿವೃತ್ತಿಯಾದ ಮೇಲೆ ಇಂಥದೊಂದು ಕೆಲಸ ಗಂಟುಬೀಳುವುದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ತುಮಕೂರಿನಲ್ಲಿ ನನ್ನ ಬಳಿ ಕಲಿತು, ಈಗ ಕಂಪ್ಯೂಟರ್ ವಿದ್ಯೆಯಲ್ಲಿ ಪಳಗಿರುವ ಇಬ್ಬರು ಹುಡುಗರು ಒಂದು ಸಂಜೆ ಮನೆಗೆ ಬಂದು, "ಸಾರ್, ಮನೆಯಿಲ್ಲದವರ ಬದುಕು, ಅವರ ಗುರುತು, ಇದನ್ನು ಕುರಿತು ಒಂದು ಜಾಲತಾಣ ಮಾಡೋಣ ಅಂತಿದ್ದೀವಿ. ಚಿತ್ರ ನಿಮ್ಮದು, ಯಂತ್ರ ನಮ್ಮದು" ಎಂದರು. ಪುಸ್ತಕವನ್ನು ಬರೆದವನು ಹಾಕಿಕೊಟ್ಟ ಕ್ರಮದಲ್ಲಿಯೇ ಓದಬೇಕು. ಇಲ್ಲಿಯಾದರೋ, ನೋಡುವವನ ಬೆರಳು ಎಲ್ಲಿ ಒತ್ತುವುದೋ ಅದರಂತೆ ಮುಂದಿನ ಚಿತ್ರ ಮೂಡುವುದು. ನೋಡುವವನೂ ಕೃತಿಯಲ್ಲಿ ಪಾಲುಗಾರ. ಈ ಮಾತು ನನ್ನ ಮನಸ್ಸಿಗೆ ಹಿಡಿಸಿತು, ಒಪ್ಪಿಕೊಂಡೆ.

ನಮ್ಮ ಮೊದಲ ಯೋಜನೆ ಬಹು ಸರಳವಾಗಿತ್ತು. ಪರದೆಯ ತುಂಬ ಮುಖಗಳು. ಒಂದನ್ನು ಒತ್ತಿದರೆ ಆ ಮುಖದ ಕಥೆ ತೆರೆದುಕೊಳ್ಳಬೇಕು. ಹಾಳೆ ಪೆನ್ಸಿಲು ಹಿಡಿದು ರಾತ್ರಿ ಹತ್ತರ ಮೇಲೆ ರೈಲ್ವೆ ನಿಲ್ದಾಣದ ಕಡೆಗೆ ಹೊರಟೆ. ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿರಿಯರೊಬ್ಬರು ಕುಳಿತಿದ್ದರು. ಚಿತ್ರ ಬರೆಯಲೇ ಎಂದು ಕೇಳಿದೆ, ತಲೆಯಾಡಿಸಿದರು. ಮುಕ್ಕಾಲು ಪಾಲು ಮುಗಿದಿರಬೇಕು.

"ಇದನ್ನ ಎಲ್ಲಿ ಹಾಕ್ತೀರ ಸ್ವಾಮಿ?"

"ಎಲ್ಲರೂ ಮೊಬೈಲಿನಲ್ಲಿ ನೋಡೋ ಹಾಗೆ ಹಾಕ್ತೀವಿ, ಯಜಮಾನರೇ."

"ಕುಣಿಗಲ್ ಕಡೇಗೂ ಕಾಣ್ತದಾ?"

"ಎಲ್ಲ ಕಡೇಗೂ ಕಾಣುತ್ತೆ."

"ಹಂಗಾದ್ರೆ ಮುಖ ಬ್ಯಾಡ ಸ್ವಾಮಿ. ಮಗಳನ್ನ ಆ ಕಡೆ ಕೊಟ್ಟಿದ್ದೀನಿ. ನಾನು ಬೆಂಗಳೂರಲ್ಲಿ ಯಾವ್ದೋ ಕಾರ್ಖಾನೆ ಕಾವಲಿಗಿದ್ದೀನಿ ಅಂತ ಬೀಗರು ತಿಳ್ಕಂಡವ್ರೆ."

ಹಾಳೆಯನ್ನು ಹರಿದು ಅವರ ಕೈಗೇ ಕೊಟ್ಟೆ. ಅವರು ಅದನ್ನು ನಾಲ್ಕಾಗಿ ಮಡಿಸಿ ಚೀಲದೊಳಗೆ ಇಟ್ಟುಕೊಂಡರು.

ಮುಖವೇ ಇಲ್ಲದಿದ್ದರೆ ಜನಕ್ಕೆ ತೋರಿಸುವುದೇನನ್ನು ಎಂದು ಹುಡುಗರು ಪೇಚಾಡಿದರು. ಉತ್ತರ ನನಗೂ ತಿಳಿದಿರಲಿಲ್ಲ. ಮಾರನೆಯ ದಿನ ಬೇರಾವುದೋ ಕೆಲಸದ ಮೇಲೆ ರೈಲಿನಲ್ಲಿ ಗುಬ್ಬಿಗೆ ಹೋದಾಗ, ನಿಲ್ದಾಣದ ಹಲಗೆಯ ಮೇಲಿನ ಊರಿನ ಹೆಸರು ನನ್ನನ್ನು ಯೋಚನೆಗೆ ಹಚ್ಚಿತು. 1884ರಲ್ಲಿ ಇಲ್ಲಿ ಹುಟ್ಟಿದ ನಾಟಕ ಕಂಪನಿ, ವೀರಣ್ಣನವರ ಕಾಲದಲ್ಲಿ ಊರಿಂದೂರಿಗೆ ಮೊಕ್ಕಾಂ ಬದಲಿಸುತ್ತ ನಾಡೆಲ್ಲ ತಿರುಗಿತು. ಇಂದು ಇಲ್ಲಿ ಡೇರೆ, ನಾಳೆ ಇನ್ನೆಲ್ಲೋ. ಆದರೂ ಅವರನ್ನು ನೆಲೆಯಿಲ್ಲದವರೆಂದು ಯಾರೂ ಅನ್ನಲಿಲ್ಲ. ಏಕೆಂದರೆ ಹೋದೆಡೆಯಲ್ಲೆಲ್ಲ ಹೆಸರಿನ ಮುಂದೆ ಗುಬ್ಬಿ ಇತ್ತು. ನಮ್ಮಲ್ಲಿ ಮನುಷ್ಯನ ಹೆಸರಿಗೆ ಮೊದಲ ಅಕ್ಷರ ಊರಿನದಲ್ಲವೆ? ಸೂರು ಹೋದದ್ದು ಒಂದು ನಷ್ಟ. ಹೆಸರಿನ ಮುಂದಿನ ಊರನ್ನು ತಾನೇ ಬಚ್ಚಿಡಬೇಕಾಗಿ ಬರುವುದು ಅದಕ್ಕಿಂತ ದೊಡ್ಡ ನಷ್ಟ. ಜಗಲಿಯ ಹಿರಿಯರು ಕಳೆದುಕೊಂಡದ್ದು ಈ ಎರಡನ್ನೂ.

ಹಾಗೆಂದು ಅವರಿಗೆ ಗುರುತಿನ ಚೀಟಿ ಇಲ್ಲವೆಂದು ವಾಚಕರು ತಿಳಿಯಬಾರದು. 2010ರಲ್ಲಿ ಕರ್ನಾಟಕದಲ್ಲಿ ಆಧಾರ್ ನೋಂದಣಿಯ ಮೊದಲ ಪ್ರಯೋಗಕ್ಕೆ ಆರಿಸಿದ್ದು ಮೈಸೂರು ಮತ್ತು ತುಮಕೂರು ಜಿಲ್ಲೆಗಳನ್ನೇ. ದಾಖಲೆಯಿಲ್ಲದವನಿಗಾಗಿ, ಇವನನ್ನು ಬಲ್ಲೆ ಎಂದು ಹೇಳುವ ಪರಿಚಯಕರ್ತನೊಬ್ಬನಿಗೂ ಆ ವ್ಯವಸ್ಥೆಯಲ್ಲಿ ಅವಕಾಶವಿತ್ತು. ಹಿರಿಯರ ಬಳಿ ಹನ್ನೆರಡು ಅಂಕಿಗಳ ಆ ಕಾರ್ಡು ಭದ್ರವಾಗಿದೆ. ಅದರ ಮೇಲಿನ ವಿಳಾಸದಲ್ಲಿ ಮಾತ್ರ ಈಗ ಬೇರೆಯವರು ವಾಸವಾಗಿದ್ದಾರೆ. ಮನೆ ಸಾಲಕ್ಕೆ ಹೋಯಿತು. 2011ರ ಜನಗಣತಿಯಲ್ಲಿ ಫೆಬ್ರವರಿ 28ರ ರಾತ್ರಿಯನ್ನು ಇಂಥವರ ಎಣಿಕೆಗೆಂದೇ ಮೀಸಲಿಟ್ಟಿದ್ದರು. ದೇಶದಲ್ಲಿ ಅಂದು ಸಿಕ್ಕ ಲೆಕ್ಕ 17.7 ಲಕ್ಷ.

ಇವೆಲ್ಲವನ್ನೂ ಓದುತ್ತಿದ್ದಾಗ ಚುನಾವಣಾ ಆಯೋಗದ ಒಂದು ಸೂಚನೆ ಕಣ್ಣಿಗೆ ಬಿತ್ತು. ಮನೆಯಿಲ್ಲದವನು ಮತದಾರರ ಪಟ್ಟಿಗೆ ಸೇರಲು ಅರ್ಜಿ ಕೊಟ್ಟರೆ ವಾಸದ ದಾಖಲೆಯನ್ನು ಕೇಳಬೇಕಾಗಿಲ್ಲ. ಮತಗಟ್ಟೆ ಮಟ್ಟದ ಅಧಿಕಾರಿಯೇ ರಾತ್ರಿ ಆ ಸ್ಥಳಕ್ಕೆ ಹೋಗಿ, ಅವನು ಅಲ್ಲಿ ಮಲಗುವುದು ನಿಜವೇ ಎಂದು ನೋಡಬೇಕು. ಅದೂ ಒಂದು ರಾತ್ರಿಯಲ್ಲ, ಒಂದಕ್ಕಿಂತ ಹೆಚ್ಚು ರಾತ್ರಿ. ಸರ್ಕಾರದ ಕಾಗದಗಳಲ್ಲಿ ಇಷ್ಟು ಮಾನವಂತವಾದ ಮಾತನ್ನು ನಾನು ಓದಿದ್ದು ಕಡಿಮೆ. ಒಬ್ಬನನ್ನು ತಿಳಿಯಬೇಕೆಂದರೆ ಅವನಿರುವಲ್ಲಿಗೆ ನಾವು ಹೋಗಬೇಕು. ಒಮ್ಮೆ ಹೋದರೆ ಸಾಲದು. ನಮ್ಮ ಜಾಲತಾಣದ ಕಟ್ಟಡಕ್ಕೆ ಬುನಾದಿ ಸಿಕ್ಕಿತು.

ಅದರ ಒಳಗೆ ಇಡುವುದೇನನ್ನು? ಹುಡುಗರಲ್ಲೊಬ್ಬ ಚೆನ್ನಾಗಿ ಓದಿಕೊಂಡವನು. ಪೋಲೆಂಡ್ ಮೂಲದ ಕಲಾವಿದ ಕ್ಶಿಶ್ಟಾಫ್ ವೊಡಿಚ್ಕೊ 1988–89ರಲ್ಲಿ ನ್ಯೂಯಾರ್ಕಿನ ಬೀದಿಯ ಜನರಿಗಾಗಿ, ಮಲಗಲೂ ಸಾಮಾನಿಡಲೂ ಆಗುವ ತಳ್ಳುಗಾಡಿಯೊಂದನ್ನು ರಚಿಸಿದನೆಂದೂ, ಅದನ್ನು ಬಳಸುವವರನ್ನೇ ಕೇಳಿ ರಚಿಸಿದನೆಂದೂ ಅವನು ಹೇಳಿದ. ನಾವೂ ಕೇಳಬೇಕಾದವರನ್ನು ಕೇಳಿರಲಿಲ್ಲವಷ್ಟೆ! ಮತ್ತೆ ಜಗಲಿಗೆ ಹೋದೆ. ಹಿರಿಯರು ಬಹಳ ಹೊತ್ತು ಯೋಚಿಸಿ, "ಚೀಲದ ಚಿತ್ರ ಬರೀರಿ. ಎಲ್ರದೂ ಒಂದೊಂದು ಚೀಲ ಇರ್ತದೆ" ಎಂದರು.

ಹಾಗೆಯೇ ಮಾಡಿದೆವು. ಈ ತಾಣ ಹಗಲಿನಲ್ಲಿ ತೆರೆಯುವುದಿಲ್ಲ, ರಾತ್ರಿ ಹತ್ತಾಗಬೇಕು. ಮೊದಲ ರಾತ್ರಿ ಬಂದವನಿಗೆ ಗಂಟು ಕಟ್ಟಿದ ಚೀಲಗಳ ಸಾಲು ಮಾತ್ರ ಕಾಣುವುದು. ಎಷ್ಟು ಒತ್ತಿದರೂ ಗಂಟು ಬಿಚ್ಚುವುದಿಲ್ಲ. ಮರುರಾತ್ರಿ ಮತ್ತೆ ಬಂದವನಿಗೆ ಒಂದು ಚೀಲ ತೆರೆಯುವುದು. ಒಳಗೆ ಹೊದಿಕೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾರ್ಡು, ಒಂದು ತಣಿಗೆ, ನಾಲ್ಕಾಗಿ ಮಡಿಸಿದ ಹಾಳೆ. ಹಾಳೆಯನ್ನು ಒತ್ತಿದರೆ ಅದು ಬಿಚ್ಚುವುದಿಲ್ಲ. ಬಿಚ್ಚುವ ಅಧಿಕಾರ ನೋಡುವವನದಲ್ಲ.

ಕೆಲಸ ಮುಗಿದ ರಾತ್ರಿ ಹಿರಿಯರಿಗೆ ಮೊಬೈಲಿನಲ್ಲಿ ತೋರಿಸಿದೆ. ಚೀಲವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮೂಲೆಯಲ್ಲಿ ನಾನು ಬರೆದಿದ್ದ ಹಸಿರು ತೇಪೆಯ ಮೇಲೆ ಬೆರಳು ನಿಂತಿತು.

"ಈ ತೇಪೆ ಹಾಕಿದ್ದು ನನ್ನ ಮಗಳು ಸ್ವಾಮಿ. ಕಂಡ್ರೆ ಗುರುತು ಹಿಡೀತಾಳೆ."

ನನ್ನ ಎದೆ ಧಸಕ್ಕೆಂದಿತು. "ಅಳಿಸಿಬಿಡ್ತೀನಿ ಯಜಮಾನರೇ, ಹುಡುಗರಿಗೆ ಈಗಲೇ ಹೇಳ್ತೀನಿ" ಎಂದೆ. ಅರಸೀಕೆರೆ ಕಡೆಯ ರೈಲೊಂದು ಬಂದು ನಿಂತು ಹೊರಟುಹೋಯಿತು. ಅದರ ಸದ್ದು ಅಡಗುವವರೆಗೂ ಅವರು ಮಾತನಾಡಲಿಲ್ಲ.

"ಇರ್ಲಿ ಬಿಡಿ" ಎಂದರು ಆಮೇಲೆ. "ಅವಳೊಬ್ಬಳು ತಾನೆ ಗುರುತು ಹಿಡಿಯೋದು."

ತೇಪೆಯನ್ನು ಅಳಿಸಲಿಲ್ಲ.