ರೋಗಿಯೇ ಚಿಕಿತ್ಸಕರಾದ ಬಗೆ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಸದ್ಭಕ್ತರಲ್ಲಿ ಬೆನ್ನುನೋವುಳ್ಳವರು ‘ಯೋಗ ನಮ್ಮಿಂದಾಗದು’ ಎನ್ನುವುದುಂಟು. ಅಂಥವರು ಬಿ.ಕೆ.ಎಸ್. ಅಯ್ಯಂಗಾರರ ಬಾಳನ್ನು ಅರಿಯಬೇಕು. 1918ರಲ್ಲಿ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಜನಿಸಿದ ಅವರು ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯಗಳಿಂದ ಕೃಶರಾಗಿದ್ದರು. 1934ರಲ್ಲಿ ಮೈಸೂರಿನಲ್ಲಿ ಭಾವಂದಿರಾದ ಕೃಷ್ಣಮಾಚಾರ್ಯರ ಶಿಷ್ಯರಾದರು. ಗುರುಗಳ ಶಿಸ್ತು ಬಲು ಕಠೋರ. ಇಂದಿನವರು ಅದನ್ನು ಚಿಕಿತ್ಸೆಯೆಂದು ಒಪ್ಪಲಾರರು. ಆದರೂ ದೇಹ ಬಲಿಯಿತು. ನಮ್ಮ ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆಯವರ ಪ್ರಯತ್ನದಿಂದ 1937ರಲ್ಲಿ ಬೋಧಕರಾಗಿ ಪುಣೆಗೆ ತೆರಳಿದರು.

ತಾವುಂಡ ನೋವಿನಿಂದಲೇ ಅವರು ಪರರ ನೋವನ್ನು ಅರಿತರು. ಬಾಗಲಾರದವರಿಗೆ ಹಗ್ಗ, ಪಟ್ಟಿ, ಮರದ ತುಂಡು, ಕುರ್ಚಿಗಳ ಆಸರೆಯನ್ನಿತ್ತರು. ಕೈ ನೆಲ ಮುಟ್ಟದಿದ್ದರೆ, ಗೋಡೆಗೊರಗಿಸಿದ ಕುರ್ಚಿಯ ಮೇಲೆ ಕೈಯೂರಿ ಅರ್ಧದಷ್ಟೇ ಬಾಗಿ, ಸಹಜವಾಗಿ ಉಸಿರಾಡಿದರೂ ಸಾಕು, ಬೆನ್ನು ನೀಳವಾಗುತ್ತದೆ. ನೋವು ಹಳೆಯದಾಗಿದ್ದರೆ ವೈದ್ಯರ ಅನುಮತಿ ಪಡೆದು, ಬಲ್ಲವರ ಎದುರಿನಲ್ಲಿಯೇ ಆರಂಭಿಸತಕ್ಕದ್ದು.