ಒಂಟಿ ಮನೆಯ ಕಾವಲಿಗೆ ಕೋವಿಯೋ, ಬರಿಗೈಯೋ?

ಕೃಷಿಕರ ಮನೆಗಳು ಪೇಟೆಯ ಹಾಗೆ ಗೋಡೆಗೆ ಗೋಡೆ ತಾಗಿಕೊಂಡಿರುವುದಿಲ್ಲ. ಕರಾವಳಿ, ಮಲೆನಾಡಿನಲ್ಲಂತೂ ಕೂಗಿದರೆ ಕೇಳದಷ್ಟು ದೂರಕ್ಕೆ ಒಂದೊಂದು ಮನೆ. ಮಕ್ಕಳು ಬೆಂಗಳೂರಿನಲ್ಲಿ. ಮನೆಯಲ್ಲಿ ಉಳಿದ ಇಬ್ಬರಿಗೂ ಅರುವತ್ತು ದಾಟಿದೆ. ಒಣ ಅಡಿಕೆ ಅಂಗಳದಲ್ಲಿದೆ. ಇಂಥಲ್ಲಿ ಕಳ್ಳರ ಮಾತು ಬಂದಾಗ ಎರಡು ಬಗೆಯ ಧೈರ್ಯ ಕೇಳುತ್ತೇನೆ. ಒಬ್ಬರು "ಮನೇಲಿ ಕೋವಿ ಉಂಟಲ್ಲ, ಮತ್ತೆಂತ ಹೆದರಿಕೆ?" ಅನ್ನುತ್ತಾರೆ. ಇನ್ನೊಬ್ಬರು "ಮಗಳಿಗೆ ಕರಾಟೆ ಕಲಿಸಿದ್ದೇವೆ" ಅನ್ನುತ್ತಾರೆ.

ನಮ್ಮಲ್ಲಿ ತೋಟೆ ಕೋವಿಯೂ ಉಂಟು, ಕರಾಟೆ ಕಲಿತವರೂ ಇದ್ದಾರೆ. ಎರಡನ್ನೂ ತೂಗಿ ನೋಡಿದಾಗ ನನಗೆ ಕಂಡದ್ದು ಇಷ್ಟು: ಕೋವಿಯ ಒಳ್ಳೆಯ ಉಪಯೋಗ ಬೆಳೆ ಕಾಯುವುದರಲ್ಲಿ. ಮನುಷ್ಯರಿಂದ ರಕ್ಷಣೆಗೆ ಅದನ್ನೇ ನಂಬಿ ಕೂತರೆ ಕೈಕೊಡುವ ಸಂದರ್ಭವೇ ಹೆಚ್ಚು. ಬರಿಗೈ ವಿದ್ಯೆಯಿಂದ ಪ್ರಯೋಜನ ಉಂಟು, ಆದರೆ ನಾವು ಸಿನಿಮಾದಲ್ಲಿ ನೋಡುವ ಬಗೆಯದ್ದಲ್ಲ.

ಸರಕಾರ ಕೋವಿ ಕೊಡುವುದು ಯಾಕೆ?

1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಮಿನಲ್ಲಿ ಕೃಷಿಕರ ಬಗ್ಗೆ ಪ್ರತ್ಯೇಕ ಮಾತಿದೆ. ಪ್ರಾಮಾಣಿಕವಾಗಿ ಬೆಳೆರಕ್ಷಣೆಗೆ ಬೇಕೆಂದರೆ ಕೇಪಿನ ಕೋವಿಗೆ ಪರವಾನಗಿ ಕೊಡಬೇಕು. ಅದು ಸಾಲದೆಂದು ಅಧಿಕಾರಿಗೆ ಮನದಟ್ಟಾದರೆ ತೋಟೆ ಕೋವಿಗೂ ಕೊಡಬಹುದು. 20 ಇಂಚಿಗೆ ಕಮ್ಮಿಯಿಲ್ಲದ ನಯ ನಳಿಗೆಯ ಕೋವಿಯನ್ನು ಆತ್ಮರಕ್ಷಣೆಗೆಂದು ಕೇಳಲಿಕ್ಕೂ ಅವಕಾಶವಿದೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿತು. ಕೊಡಗಿನವರದ್ದು ಬೇರೆ ಲೆಕ್ಕ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರಕಾರ 2029ರ ತನಕ ಮುಂದುವರಿಸಿದೆ.

ಅಂದರೆ ಕೋವಿ ಇಡುವುದಕ್ಕೆ ಕಾನೂನು ಅಡ್ಡ ಬರುವುದಿಲ್ಲ. ತೊಡಕು ಬರುವುದು ಅದನ್ನು ಮನುಷ್ಯರ ಎದುರು ಉಪಯೋಗಿಸುವ ಹೊತ್ತಿಗೆ.

ಹತ್ತು ಮಾರು ದೂರ ಸಾಕೇ?

ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್ 1983ರಲ್ಲಿ ಒಂದು ಲೇಖನ ಬರೆದರು. ಚೂರಿ ಹಿಡಿದವನೊಬ್ಬ 21 ಅಡಿ ಓಡಿ ಮೇಲೆ ಬೀಳಲು ಸುಮಾರು ಒಂದೂವರೆ ಸೆಕೆಂಡು ಸಾಕು. ಸೊಂಟದ ಪಿಸ್ತೂಲು ಎಳೆದು ಗುರಿಯಿಡಲು ಪಳಗಿದ ಪೊಲೀಸನಿಗೂ ಅಷ್ಟೇ ಹೊತ್ತು ಬೇಕು. ಇದು ಸೊಂಟದಲ್ಲೇ ಪಿಸ್ತೂಲು ಇರುವವನ ಕಥೆ.

ನಮ್ಮದು ಎಲ್ಲಿರುತ್ತದೆ? ಒಳಕೋಣೆಯ ಕಪಾಟಿನಲ್ಲಿ, ಬೀಗ ಹಾಕಿ. ತೋಟೆ ಇನ್ನೊಂದು ಕಡೆ. ಇರಬೇಕಾದ್ದೂ ಹಾಗೆಯೇ. ಬಾಗಿಲು ತಟ್ಟಿದವನು ಒಳನುಗ್ಗಿದ ಮೇಲೆ ಕೀಲಿಕೈ ಹುಡುಕುವ ಹೊತ್ತು ಯಾರಿಗಿದೆ? ಕೇಪಿನ ಕೋವಿಯಾದರೆ ಮದ್ದು ತುಂಬಿ, ಚರೆ ಹಾಕಿ, ಗಜದಿಂದ ಗಟ್ಟಿ ಮಾಡಿ, ಕೇಪು ಇಡಬೇಕು. ಒಂದು ಈಡು ಹಾರಿದರೆ ಇನ್ನೊಮ್ಮೆ ಮೊದಲಿನಿಂದ.

"ಹಾಗಾದರೆ ಈಡು ತುಂಬಿಸಿ ತಲೆದೆಸೆಯಲ್ಲೇ ಇಟ್ಟುಕೊಳ್ಳೋಣ" ಅಂತ ಹೇಳುವವರುಂಟು. ಆಗ ಅಪಾಯ ಮನೆಯವರಿಗೇ. ಅಮೆರಿಕದ ಕಿಂಗ್ ಕೌಂಟಿಯಲ್ಲಿ 1978ರಿಂದ 1983ರ ತನಕ ಮನೆಗಳೊಳಗೆ ಗುಂಡಿನಿಂದ ಆದ ಸಾವುಗಳನ್ನು ಆರ್ಥರ್ ಕೆಲ್ಲರ್‌ಮನ್ ಮತ್ತು ಡೊನಾಲ್ಡ್ ರೇ ಎಂಬ ವೈದ್ಯರು ಲೆಕ್ಕ ಹಾಕಿ 1986ರಲ್ಲಿ ಪ್ರಕಟಿಸಿದರು. ಆತ್ಮರಕ್ಷಣೆಗಾಗಿ ಆದ ಒಂದೊಂದು ಸಾವಿಗೆ 37 ಆತ್ಮಹತ್ಯೆ, 4ಕ್ಕೂ ಮೇಲೆ ಕೊಲೆ, 1ಕ್ಕೂ ಮೇಲೆ ಆಕಸ್ಮಿಕ ಸಾವು. ಕೋವಿ ತೋರಿಸಿದ ಮಾತ್ರಕ್ಕೆ ಓಡಿದ ಕಳ್ಳರು ಈ ಲೆಕ್ಕದಲ್ಲಿ ಬರುವುದಿಲ್ಲ, ಅಲ್ಲಿನ ಆಯುಧಗಳೂ ನಮ್ಮಂಥವಲ್ಲ, ನಿಜ. ಆದರೂ 37 ಎಂಬ ಸಂಖ್ಯೆಯನ್ನು ನಾವು ಮರೆಯಬಾರದು. ಸಾಲ, ರೋಗ, ಬೆಲೆ ಕುಸಿತ ಎಲ್ಲ ಒಟ್ಟಿಗೆ ಬಂದ ವರ್ಷ ಕೃಷಿಕನ ಮನಸ್ಸು ಹೇಗಿರುತ್ತದೆ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ.

ಬರಿಗೈ ವಿದ್ಯೆ ಎಷ್ಟು ದೂರ?

ಕರಾಟೆ ಎಂಬ ಜಪಾನಿ ಶಬ್ದದ ಅರ್ಥವೇ 'ಖಾಲಿ ಕೈ'. ನಮ್ಮ ನೆರೆಯ ಕೇರಳದ ಕಳರಿಯಲ್ಲಿ ಮೊದಲು ಮೈ ಪಳಗಿಸುತ್ತಾರೆ, ಆಮೇಲೆ ಕೋಲು, ಆಮೇಲೆ ಕತ್ತಿಯಂಥ ಲೋಹದ ಆಯುಧ. ಬರಿಗೈ ವಿದ್ಯೆ ಬರುವುದು ಕೊನೆಗೆ. ಆಯುಧವಿದ್ದವನ ಎದುರು ಬರಿಗೈಯಲ್ಲಿ ನಿಲ್ಲುವುದು ಎಷ್ಟು ಕಷ್ಟ ಎಂಬುದು ಆ ಕ್ರಮದಲ್ಲೇ ತಿಳಿಯುತ್ತದೆ.

ಶಾಲೆಯ ಕರಾಟೆ ಸ್ಪರ್ಧೆಗೆ ರೆಫರಿ ಇದ್ದಾನೆ, ನಿಯಮ ಇದೆ, ಎದುರಾಳಿ ಒಬ್ಬನೇ, ಅವನೂ ಸಮ ತೂಕದವನು. ರಾತ್ರಿ ಬರುವವರು ಮೂವರು, ಕೈಯಲ್ಲಿ ಕತ್ತಿ. ಬೆಲ್ಟಿನ ಬಣ್ಣ ನೋಡಿ ಅವರು ಹಿಂದೆ ಸರಿಯಲಾರರು.

ಹಾಗಂತ ಕಲಿತದ್ದು ವ್ಯರ್ಥವೂ ಅಲ್ಲ. ಕೆನಡಾದಲ್ಲಿ ಚಾರ್ಲೀನ್ ಸೆನ್ ಮತ್ತು ಸಂಗಡಿಗರು 3 ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರ ಮೇಲೆ ನಡೆಸಿದ ಅಧ್ಯಯನ 2015ರಲ್ಲಿ ಹೊರಬಂತು. ಅರ್ಧದಷ್ಟು ಮಂದಿಗೆ ಒಟ್ಟು 12 ಗಂಟೆಯ ತರಬೇತಿ, ಉಳಿದವರಿಗೆ ಮಾಹಿತಿಯ ಕರಪತ್ರ ಮಾತ್ರ. ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರು ಕರಪತ್ರದ ಗುಂಪಿನಲ್ಲಿ ಶೇಕಡಾ 9.8, ತರಬೇತಿ ಪಡೆದವರಲ್ಲಿ ಶೇಕಡಾ 5.2. ಆ 12 ಗಂಟೆಯಲ್ಲಿ ಹೊಡೆತ ಕಲಿಸಿದ್ದು ಒಂದು ಪಾಲು ಮಾತ್ರ. ಅಪಾಯವನ್ನು ಬೇಗ ಗುರುತಿಸುವುದು, ಪರಿಚಯದವನೇ ಆದರೂ ದಾಕ್ಷಿಣ್ಯ ಬಿಟ್ಟು "ಬೇಡ" ಅನ್ನುವುದು, ಕೂಗುವುದು, ಬಿಡಿಸಿಕೊಳ್ಳುವುದು ಎಲ್ಲ ಸೇರಿತ್ತು. ಆಳುಗಳ ಜತೆ, ವ್ಯಾಪಾರಕ್ಕೆ ಬರುವವರ ಜತೆ ದಿನನಿತ್ಯ ವ್ಯವಹರಿಸುವ ನಮ್ಮ ಹೆಂಗಸರಿಗೆ ಈ ಪಾಠ ಅಗತ್ಯ. ಮನೆಯವರಿಂದ, ನೆಂಟರಿಂದಲೇ ಬರುವ ಕಾಟಕ್ಕಂತೂ ಕೋವಿ ಮದ್ದಲ್ಲ.

ಕಾನೂನಿನ ಲೆಕ್ಕ

ಆತ್ಮರಕ್ಷಣೆಯ ಹಕ್ಕು ಎಲ್ಲರಿಗೂ ಇದೆ. ಮೊದಲು ಭಾರತೀಯ ದಂಡ ಸಂಹಿತೆಯ 96ರಿಂದ 106ರ ಕಲಮುಗಳಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರಲ್ಲಿದೆ. ಮುಖ್ಯವಾದ್ದು 37ನೆಯದು: ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯ ಇದ್ದರೆ ಈ ಹಕ್ಕೇ ಇಲ್ಲ.

ಸೂರ್ಯ ಮುಳುಗಿದ ಮೇಲೆ ಮನೆ ಮುರಿದು ಒಳಬರುವವನ ವಿಷಯ ಬೇರೆ, ಅಂಗಳದಿಂದ ಅಡಿಕೆ ಗೋಣಿ ಹೊತ್ತು ಓಡುವವನ ವಿಷಯ ಬೇರೆ. ಓಡುವವನ ಬೆನ್ನಿಗೆ ಈಡು ಹೊಡೆದರೆ ಕಟಕಟೆಯಲ್ಲಿ ನಿಲ್ಲುವವರು ನಾವು. ಒಂದು ಗೋಣಿ ಅಡಿಕೆಗಾಗಿ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಗ್ತದೆ. ಕೈಯ ಹೊಡೆತವನ್ನು ಕಮ್ಮಿ ಹೆಚ್ಚು ಮಾಡಬಹುದು. ಕೋವಿಯಲ್ಲಿ ಅರ್ಧ ಈಡು ಎಂಬುದಿಲ್ಲ.

ಮನೆಯಲ್ಲಿ ಉಳಿಯುವವರು ಯಾರು?

ಪರವಾನಗಿ ಸಾಮಾನ್ಯವಾಗಿ ಯಜಮಾನನ ಹೆಸರಲ್ಲಿ. ಆತ ಸೊಸೈಟಿಗೋ ಮದುವೆಗೋ ಹೋದಾಗ ಮನೆಯಲ್ಲಿರುವುದು ಹೆಂಡತಿ. ಪರವಾನಗಿಯಲ್ಲಿ ಅವಳ ಹೆಸರಿಲ್ಲ, ಕೋವಿಯನ್ನು ಮುಟ್ಟಿಯೂ ಅಭ್ಯಾಸವಿಲ್ಲ. ಇನ್ನು ಚುನಾವಣೆ. 2024ರ ಲೋಕಸಭಾ ಚುನಾವಣೆ ಮಾರ್ಚ್ 16ಕ್ಕೆ ಘೋಷಣೆಯಾಗಿ ಎಣಿಕೆ ಆದದ್ದು ಜೂನ್ 4ಕ್ಕೆ. ವಿನಾಯಿತಿ ಸಿಗದವರ ಕೋವಿ ಇಂಥ ಹೊತ್ತಿನಲ್ಲಿ ಠಾಣೆಯಲ್ಲೋ ಕೋವಿ ಅಂಗಡಿಯಲ್ಲೋ ಇರುತ್ತದೆ. ಈ ರಕ್ಷಣೆ ವರ್ಷದ 365 ದಿನಕ್ಕೂ ಅಲ್ಲ, ಮನೆಯ ಎಲ್ಲರಿಗೂ ಅಲ್ಲ.

ಕಾಡುಪ್ರಾಣಿಯ ಎದುರು ಮಾತ್ರ ಬರಿಗೈ ವಿದ್ಯೆ ಏನೂ ಅಲ್ಲ. ಜೀವ ಉಳಿಸಿಕೊಳ್ಳಲು ಸದ್ಭಾವನೆಯಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲ ಎಂದು 1972ರ ವನ್ಯಜೀವಿ ಕಾಯಿದೆಯ 11ನೇ ಕಲಮು ಹೇಳುತ್ತದೆ. ಬೆಳೆ ಕಾಯಲು ಕೋವಿಯ ಸದ್ದೇ ಮುಖ್ಯ.

ನಾವು ಮಾಡಿಕೊಂಡ ಕ್ರಮ

* ಕೋವಿ ಖಾಲಿ, ಬೀಗದೊಳಗೆ. ತೋಟೆಗೆ ಬೇರೆ ಬೀಗ.
* ಮನೆಯಲ್ಲಿ ಯಾರಾದರೂ ಮನಸ್ಸು ಕೆಟ್ಟು ಮಾತು ಬಿಟ್ಟು ಕೂತರೆ, ಕುಡಿತ ಹೆಚ್ಚಾದರೆ, ಕೋವಿಯನ್ನು ಠಾಣೆಗೋ ಪರವಾನಗಿ ಇರುವ ಅಂಗಡಿಗೋ ಒಪ್ಪಿಸಿ ರಶೀದಿ ಪಡೆಯುವುದು. ಮಾತಾಡಲು ಟೆಲಿ ಮಾನಸ್ ದೂರವಾಣಿ 14416 ಇದೆ.
* ರಾತ್ರಿ ತಟ್ಟಿದ ಕೂಡಲೇ ಬಾಗಿಲು ತೆರೆಯುವುದಿಲ್ಲ. ಮೊದಲು ಹೊರಗಿನ ದೀಪ, ಕಿಟಕಿಯಿಂದ ಮಾತು. ಸಂಶಯ ಬಂದರೆ 112ಕ್ಕೆ ಫೋನು, ಕೂಡಲೇ ನೆರೆಮನೆಗೂ.
* ನೆರೆಯ ನಾಲ್ಕು ಮನೆಯವರ ಒಪ್ಪಂದ: ಸೀಟಿ ಮೂರು ಸಲ ಊದಿದರೆ ಎಲ್ಲರೂ ದೀಪ ಹಾಕಿ ಒಟ್ಟಾಗಿ ಬರಬೇಕು.
* ಮನೆಯ ಎಲ್ಲರಿಗೂ ಮೂರು ಅಭ್ಯಾಸ: ಹಿಡಿದ ಕೈ ಬಿಡಿಸುವುದು, ಹಿಂದಿನಿಂದ ಅಪ್ಪಿಹಿಡಿದರೆ ಬಿಡಿಸಿಕೊಳ್ಳುವುದು, ಬಿಡಿಸಿಕೊಂಡ ಮೇಲೆ ಕೂಗುತ್ತಾ ಯಾವ ಬಾಗಿಲಿಂದ ಓಡುವುದು. ತಿಂಗಳಿಗೊಮ್ಮೆ ಮಾಡಿ ನೋಡುತ್ತೇವೆ.
* ಕತ್ತಿ ತೋರಿಸಿ ಚಿನ್ನ ಕೇಳಿದರೆ ಕೊಟ್ಟುಬಿಡುವುದು. ಇದನ್ನು ಮೊದಲೇ ಮಾತಾಡಿಕೊಂಡಿದ್ದೇವೆ.

ಕೊನೆಯದನ್ನು ಒಪ್ಪಲು ಗಂಡಸರಿಗೆ ಕಷ್ಟವಾಗುತ್ತದೆ. ಆದರೆ ಹೋದ ಚಿನ್ನವನ್ನು ನಾಲ್ಕು ಬೆಳೆಯಲ್ಲಿ ಮಾಡಿಸಬಹುದು. ಹೊಸದಾಗಿ ಪರವಾನಗಿಗೆ ಅರ್ಜಿ ಹಾಕುವವರು ಹಾಕಿ, ಬೆಳೆಗೆ ಅದು ಬೇಕು. ಅರ್ಜಿ ಬರೆಯುವ ಮೊದಲು, ನೀವು ಊರಲ್ಲಿಲ್ಲದ ದಿನ ಮನೆಯವರು ಏನು ಮಾಡಬೇಕೆಂದು ಒಟ್ಟಿಗೆ ಕೂತು ಮಾತಾಡಿ. ನಿಮ್ಮ ಊರಿನಲ್ಲಿ ಬೇರೆ ಉಪಾಯಗಳಿದ್ದರೆ ಪತ್ರಿಕೆಗೆ ಬರೆಯಿರಿ.